ಕೆಂಪು ಕಾರಿಗೆ ಜಪಾನಿ ಬೆಲ್ಟು

೧೨ ಸೆಪ್ಟೆಂಬರ್ ೧೯೮೩, ಸೋಮವಾರ

ಗಣೇಶನನ್ನು ನೀರಿಗೆ ಬಿಟ್ಟು ಬಂದು ಕೈಕಾಲು ತೊಳೆಯುವಷ್ಟರಲ್ಲಿ ವೈಯಾಲಿಕಾವಲ್ಲಿನ ಮುನಿರಾಮಪ್ಪನವರು ಬಾಗಿಲಲ್ಲಿ ನಿಂತಿದ್ದರು. ಸೈಟು ವ್ಯವಹಾರದವರು, ಬೆರಳಿಗೊಂದು ಉಂಗುರ. ಬಂದದ್ದು ನಮ್ಮನ್ನು ನೋಡುವುದಕ್ಕಲ್ಲ, ಶೆಡ್ಡಿನಲ್ಲಿರುವ ಕೆಂಪು ಕಾರನ್ನು ನೋಡುವುದಕ್ಕೆ. ಟಾರ್ಪಾಲು ತೆಗೆಸಿ ಪ್ರದಕ್ಷಿಣೆ ಹಾಕಿದರು.

"ಆಂಜಿನಯ್ಯನೋರೇ, ಇದನ್ನ ನನಗೆ ಕೊಟ್ಬಿಡಿ. ಮದುವೆ ಮೆರವಣಿಗೆಗೆ ಬಿಡ್ತೀನಿ. ಎರಡೇ ಸೀಟು. ಗಂಡು, ಹೆಣ್ಣು, ಮುಗೀತು. ಬೀಗರು ಹತ್ತೋಕೆ ಜಾಗಾನೇ ಇಲ್ಲ!"

ಇವರು ನಗಲಿಲ್ಲ. (ಈ ಡೈರಿಯಲ್ಲಿ ಇವರು ಅಂದರೆ ನನ್ನ ಯಜಮಾನರು. ಬೇರೆ ಯಾರ ವಿಷಯ ಬರೆಯಲಿ?) "ಆಗ್ಲಿ ಸಾರ್, ವಿಜಯದಶಮಿ ದಿನ ಬನ್ನಿ. ಆಯುಧಪೂಜೆ ಒಂದು ಮಾಡಿ ಕೊಟ್ಬಿಡ್ತೀನಿ" ಎಂದುಬಿಟ್ಟರು.

ನನಗೆ ಸಂತೋಷವಾಗಬೇಕು. ಆಗಿದೆ ಕೂಡ. ಕಳೆದ ಡಿಸೆಂಬರಿನಲ್ಲಿ ಕೆಂಗೇರಿ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂದು, ಇವರು ಗಕ್ಕನೆ ತಿರುಗಿಸಿ, ನನ್ನ ಕಡೆಯ ಬಾಗಿಲು ತನ್ನಷ್ಟಕ್ಕೆ ತೆರೆದುಕೊಂಡು, ನಾನು ಹಾರಿ ಹೋಗಿ ಲಂಟಾನದ ಪೊದೆಯಲ್ಲಿ ಬಿದ್ದೆ. ಎಡ ಹೆಗಲಿನ ಮೂಳೆ ಮುರಿಯಿತು. ಇವರಿಗೆ ಏನೂ ಆಗಲಿಲ್ಲ. ಎಮ್ಮೆಗೂ ಏನೂ ಆಗಲಿಲ್ಲ. ಅಂದಿನಿಂದ ನಾನು ಆ ಕಾರು ಹತ್ತಿಲ್ಲ. ಇವರೂ ಹತ್ತಿಲ್ಲ. ನೀವು ಹತ್ತಬೇಡಿ ಅಂತ ನಾನೇನೂ ಹೇಳಿರಲಿಲ್ಲ.

ಹೋಗಲಿ, ಪೀಡೆ ತೊಲಗಿತು. ಶೆಡ್ಡು ಖಾಲಿಯಾದರೆ ಒಗೆದ ಬಟ್ಟೆ ಒಣಗಿಸಬಹುದು.

೧೪ ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಇವರು ಬಾಗಿಲಲ್ಲೇ ನಿಂತರು. ಕೇಳಬೇಕಾದ್ದು ಏನೋ ಇದ್ದರೆ ಹೀಗೇ ನಿಲ್ಲುವುದು.

"ಶಕುಂತಲಾ, ಫಾರಿನ್ ಕಾರಲ್ಲೆಲ್ಲ ಸೀಟಿಗೆ ಬೆಲ್ಟ್ ಇರುತ್ತೆ ಕಣೇ. ಎಮ್ಮೆ ಬಂದ್ರೂ ಆನೆ ಬಂದ್ರೂ ಮನುಷ್ಯ ಆಚೆ ಹೋಗಲ್ಲ. ಅದನ್ನ ಹಾಕಿಸಿದ್ರೆ ಕೂರ್ತೀಯಾ?"

"ಕೂರಲ್ಲ."

"ಹಾಕಿದ್ಮೇಲೆ ನೋಡಿ ಹೇಳು. ನೀನು ಕೂತ್ರೆ ಮುನಿರಾಮಪ್ಪನೋರಿಗೆ ಇಲ್ಲ ಅಂತೀನಿ. ಇಲ್ಲಾಂದ್ರೆ ಕೊಟ್ಬಿಡ್ತೀನಿ. ಒಬ್ಬನೇ ಓಡಿಸೋಕೆ ನನಗೆ ಬೇಡ ಅದು."

ಭಾರ ಎಲ್ಲ ನನ್ನ ತಲೆಗೆ ಕಟ್ಟಿ ಕಾರ್ಖಾನೆಯ ಬಸ್ಸು ಹತ್ತಿದರು. ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ದಿನ ನನಗೆ ಸಿಟ್ಟು. ತುಮಕೂರು ಕೇಳಿದವರಿಗೆ ತಿಪಟೂರು ಕೊಟ್ಟೆ.

೧೮ ಸೆಪ್ಟೆಂಬರ್, ಭಾನುವಾರ

ಬೆಲ್ಟು ಬಂತು, ಎರಡು ಸೀಟಿಗೆ ಎರಡು. ಶಿವಾಜಿನಗರದ ಗುಜರಿಯಿಂದ ಇವರು ಗೋಣಿಚೀಲದಲ್ಲಿ ಹೊತ್ತು ತಂದರು. ಕಪ್ಪು ಪಟ್ಟಿ, ತುದಿಯಲ್ಲಿ ಡಬ್ಬಿಯಂಥ ಒಂದು ರೀಲು. ಎಳೆದರೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುತ್ತದೆ, ಜೋರಾಗಿ ಜಗ್ಗಿದರೆ ಕಚ್ಚಿಕೊಂಡು ನಿಲ್ಲುತ್ತದೆ. ಜಪಾನಿನ ಹೊಸ ಕಾರಿನದಂತೆ. ನಮ್ಮದು ಇಂಗ್ಲೆಂಡಿನ ಮುದಿ ಕಾರು, ತಲೆಯ ಮೇಲೆ ಸೂರಿಲ್ಲ, ಬಾಗಿಲಿಗೆ ಭರವಸೆಯಿಲ್ಲ.

ಅತ್ತೆ ಎಲೆಯಡಿಕೆ ಕುಟ್ಟುತ್ತ ಕೂತಿದ್ದವರು ಕೇಳಿದರು, "ಯಾವ ಕಾರಿಂದ ಬಿಚ್ಕೊಂಡು ಬಂದ್ಯಪ್ಪಾ?"

"ಅಪ್ಪಚ್ಚಿ ಆಗಿದ್ದ ಕಾರಮ್ಮ."

"ಒಳಗಿದ್ದೋರು?"

ಇವರು ಗೋಣಿಚೀಲ ಮಡಿಸತೊಡಗಿದರು. ವಿಚಾರಿಸಿಲ್ಲ! ಸತ್ತವರ ಎದೆಯ ಮೇಲಿದ್ದ ಪಟ್ಟಿಯನ್ನು ನನ್ನ ಎದೆಗೆ ಕಟ್ಟಲು ಹೊರಟ ಮಹರಾಯರು. ನಾನು ಮನೆಯೊಳಗೆ ತರಗೊಡಲಿಲ್ಲ. ಬೆಲ್ಟುಗಳು ಈಗ ಹಿತ್ತಲ ಸೀಬೆಮರದಲ್ಲಿ ನೇತಾಡುತ್ತಿವೆ.

೨೪ ಸೆಪ್ಟೆಂಬರ್, ಶನಿವಾರ

ನಾನೇ ಶಿವಾಜಿನಗರಕ್ಕೆ ಹೋಗಿಬಂದೆ. ಇವರನ್ನು ಕರೆದುಕೊಂಡು, ಬಸ್ಸಿನಲ್ಲಿ. ಇಂಥ ವಿಷಯದಲ್ಲಿ ಗಂಡಸರ ಮಾತು ನಂಬಿ ಕೂರುವುದಕ್ಕಾಗುವುದಿಲ್ಲ.

ಗುಜರಿಯ ಸಾಹೇಬರು ಸ್ಟೂಲು ಒರೆಸಿ ಕೂರಿಸಿದರು. ಮೂಲೆಯಲ್ಲಿ ಬಿಳೀ ಕಾರು, ಮೂತಿ ಪೂರಾ ಒಳಗೆ ಹೋಗಿತ್ತು.

"ಅಮ್ಮಾ, ಗಾಡಿ ರೋಡ್ ಪಕ್ಕ ನಿಂತಿತ್ತು. ಮಳೇಲಿ ಮರ ಬಿತ್ತು. ಒಳಗೆ ಒಂದು ನರಪಿಳ್ಳೆ ಇರ್ಲಿಲ್ಲ. ಏಟು ತಿಂದ ಬೆಲ್ಟು ನಾನು ಯಾರಿಗೂ ಕೊಡಲ್ಲ. ಜನ ಕೂತಿದ್ದಾಗ ಜಗ್ಗಿದ್ರೆ ಅದರ ನೂಲು ಎಳೆದುಹೋಗಿರ್ತದೆ, ಮತ್ತೆ ತಡೆಯಲ್ಲ."

ಬಾಯಿಮಾತಿಗೆ ಏನಂತೆ? ನಾನು ಕಾರಿನೊಳಗೆ ತಲೆ ಹಾಕಿ ನೋಡಿದೆ. ಒಡೆದ ಗಾಜಿನ ಜೊತೆ ಗುಲ್‌ಮೊಹರಿನ ಒಣ ಎಲೆ, ಒಂದು ಉದ್ದನೆಯ ಕಾಯಿ. ಸೀಟಿನ ಮೇಲೆ ಕಲೆಯಿಲ್ಲ. ಮನಸ್ಸಿಗೆ ಸಮಾಧಾನವಾಯಿತು. ನೋಡುತ್ತ ನೋಡುತ್ತ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬೆಲ್ಟನ್ನು ಹಿಡಿದಿದ್ದ ದಪ್ಪ ಬೋಲ್ಟುಗಳೆಲ್ಲ ಅಲ್ಲೇ ಇದ್ದವು. ಇವರು ಬರೀ ಪಟ್ಟಿ ಬಿಚ್ಚಿಕೊಂಡು ಬಂದಿದ್ದಾರೆ! "ಬೋಲ್ಟೂ ಬಿಚ್ಚಿಸಿ, ಅಡಿ ಪ್ಲೇಟೂ ಬಿಚ್ಚಿಸಿ" ಎಂದು ನಿಂತು ತೆಗೆಸಿದೆ.

ಸಾಹೇಬರು ಇವರಿಗೆ, "ಮುಂದಿನ ಸಲ ಅಮ್ಮಾವ್ರನ್ನೇ ಕಳಿಸಿ" ಎಂದರು.

ಬರುವಾಗ ಬಸ್ಸಿನಲ್ಲಿ ಬೋಲ್ಟುಗಳ ಚೀಲ ನನ್ನ ಮಡಿಲಲ್ಲಿತ್ತು. ಸೀರೆಗೆ ಗ್ರೀಸು ಹತ್ತಿದೆ, ಸೀಮೆಎಣ್ಣೆಗೂ ಹೋಗುತ್ತಿಲ್ಲ.

೨ ಅಕ್ಟೋಬರ್, ಭಾನುವಾರ

ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ಟಣ ಟಣ. ಗಾಂಧಿ ಬಜಾರಿನಲ್ಲಿ ಕುಶನ್ ಅಂಗಡಿ ಇಟ್ಟಿರುವ ಕಾಳಪ್ಪನೂ ಬಂದಿದ್ದ, ಸೀಟು ಬಿಚ್ಚಿಕೊಡುವುದಕ್ಕೆ. ನಾನು ಕಾಫಿ ಕೊಟ್ಟು ಬರೋಣವೆಂದು ಹೋದವಳು ಮಧ್ಯಾಹ್ನದವರೆಗೂ ಅಲ್ಲೇ ನಿಂತುಬಿಟ್ಟೆ. ಹುಳಿ ತಳ ಹಿಡಿಯಿತು.

ಬೆಲ್ಟಿನ ಕಾಲು ಎಲ್ಲಿ ಊರಬೇಕು ಅನ್ನುವುದೇ ತಕರಾರು. ಈ ಕಾರಿನ ತಳಕ್ಕೆ ಇರುವುದು ಮರದ ಹಲಗೆ. ಕಾಳಪ್ಪ ಹಲಗೆಗೇ ಬೋಲ್ಟು ಹಾಕೋಣ ಅಂದ. ನಾನು ಬಿಡಲಿಲ್ಲ. ಹಲಗೆ ಸಮೇತ ಹಾರಿ ಹೋಗುವುದಕ್ಕೆ ಬೆಲ್ಟು ಯಾಕೆ? ಇವರು ಕೆಳಗೆ ಮಲಗಿ, ಹಲಗೆಗೆ ತೂತು ಹಾಕಿ ಕೆಳಗಿನ ಕಬ್ಬಿಣದ ಚೌಕಟ್ಟಿಗೇ ಬೋಲ್ಟು ಬಿಗಿದರು. ರೀಲಿಗೂ ಚೌಕಟ್ಟಿನಿಂದಲೇ ಕಬ್ಬಿಣದ ಬ್ರಾಕೆಟ್ಟು, ಕಾರ್ಖಾನೆಯಲ್ಲಿ ತಾವೇ ಮಾಡಿ ತಂದದ್ದು.

ಆಮೇಲೆ ಆ ರೀಲಿನ ಹಟ. ಇವರು ಅದನ್ನು ಸೀಟಿನ ಹಿಂದೆ ಮಲಗಿಸಿ ಕೂರಿಸಿದ್ದರು. ಪಟ್ಟಿ ಒಂದು ಗೇಣೂ ಬರಲಿಲ್ಲ. ಕೆಟ್ಟಿದೆ ಅಂತ ತೀರ್ಮಾನವಾಗಿ, ಬಿಚ್ಚಿ ನನ್ನ ಕೈಗೆ ಕೊಟ್ಟರು. ನನ್ನ ಕೈಯಲ್ಲಿ ಸರಾಗವಾಗಿ ಬಂತು. ಮತ್ತೆ ಮಲಗಿಸಿದರೆ ಇಲ್ಲ. ನಿಲ್ಲಿಸಿ ಹಿಡಿದರೆ ಬರುತ್ತದೆ, ವಾಲಿಸಿದರೆ ಕಚ್ಚಿಕೊಳ್ಳುತ್ತದೆ.

"ರೀ, ಅದಕ್ಕೆ ನೆಟ್ಟಗೆ ಕೂರ್ಬೇಕಂತೆ. ನಿಮ್ಮ ಹಾಗೆ ಊಟ ಆದ ತಕ್ಷಣ ಮಲಗೋ ಜಾತಿಯಲ್ಲ."

ಇವರು ಬಹಳ ದಿನದ ಮೇಲೆ ಬಾಯ್ತುಂಬ ನಕ್ಕರು. ಗ್ರೀಸು ಮೆತ್ತಿದ ಮುಖ, ಹಲ್ಲು ಮಾತ್ರ ಬೆಳ್ಳಗೆ.

ಪಟ್ಟಿ ಉದ್ದವಾಯಿತು, ಕತ್ತರಿಸಿ ಹೊಲಿಯುತ್ತೇನೆ ಅಂತ ಕಾಳಪ್ಪ ಕತ್ತರಿ ತೆಗೆದ. "ಕೈ ಕತ್ತರಿಸ್ತೀನಿ" ಅಂದೆ. ಪಾಪ, ಕತ್ತರಿ ಒಳಗಿಟ್ಟುಕೊಂಡ.

೫ ಅಕ್ಟೋಬರ್, ಬುಧವಾರ

ಶೆಡ್ಡಿನಲ್ಲಿ ಸಂಜೆ ಗಾಳಿ ಚೆನ್ನಾಗಿ ಬೀಸುತ್ತದೆ. ಇಷ್ಟು ದಿನ ಗೊತ್ತಿರಲಿಲ್ಲ. ಕುಶನ್ ಹೊಸದಾಗಿ ತುಂಬಿದ ಸೀಟಿನಲ್ಲಿ ಕೂತು ನಾಳೆಗೆ ಅಕ್ಕಿ ಆರಿಸಿದೆ. ಇಂಜಿನ್ ಆಫ್ ಇದ್ದ ಕಾರು ಅಂದರೆ ಕುರ್ಚಿಯೇ ತಾನೆ.

ಬೆಲ್ಟು ಹಾಕಿ ನೋಡಿದೆ, ಹೇಗಿದೆ ಅಂತ. ಸೆರಗಿನ ಮೇಲೆ, ಮುರಿದು ಕೂಡಿದ ಹೆಗಲ ಮೇಲೇ ಬರುತ್ತದೆ. ನಮ್ಮ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಪ್ಲಗ್ ಕೂರುವ ಹಾಗೆ ಟಕ್ ಅಂತ ಕೂರುತ್ತದೆ. ಬಿಚ್ಚಲು ಕೆಂಪು ಬಟನ್ನು.

೯ ಅಕ್ಟೋಬರ್, ಭಾನುವಾರ

ಇವತ್ತು ಅತ್ತೆಯೂ ಬಂದರು, ಬಂದು ಸ್ಟಿಯರಿಂಗಿನ ಮುಂದೆಯೇ ಕೂತರು. ಎಲೆಯಡಿಕೆ ಚೀಲವನ್ನು ಮೀಟರುಗಳ ಮುಂದೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಚಕ್ರ ಹಿಡಿದು, "ಎಲ್ಲಿಗೆ ಹೋಗ್ಬೇಕವ್ವಾ?" ಎಂದರು. ಲಾಲ್‌ಬಾಗಿಗೆ ಬಿಡಿ ಅಂದೆ. ಇಬ್ಬರೂ ನಕ್ಕೆವು.

ಆಮೇಲೆ ಅವರು ಚಕ್ರದ ಮೇಲೆ ಕೈಯಾಡಿಸಿದರು. "ನಿಮ್ಮ ಮಾವ ಒಂದು ದಿನ ಇದರೊಳಗೆ ಕೂತೋರಲ್ಲ ಕಣವ್ವ. ತೊಳೆದ್ರು, ಅಷ್ಟೆಯ."

ನನಗೆ ಗೊತ್ತಿದ್ದ ವಿಷಯವೇ. ಮಾವ ಬೈರಯ್ಯನವರು ಬಸವನಗುಡಿಯ ಒಬ್ಬ ಡಾಕ್ಟರ ಮನೆಯಲ್ಲಿ ಈ ಕಾರನ್ನು ದಿನಾ ಬೆಳಿಗ್ಗೆ ತೊಳೆಯುತ್ತಿದ್ದರು. ಡಾಕ್ಟರು ಹೋದ ಮೇಲೆ, ಕೆಟ್ಟು ನಿಂತಿದ್ದ ಕಾರನ್ನು ಆ ಮನೆಯವರು ಕಬ್ಬಿಣದ ಬೆಲೆಗೆ ಇವರಿಗೆ ಕೊಟ್ಟರು. ಇವರು ವರ್ಷಗಟ್ಟಲೆ ಕೂತು ಎಬ್ಬಿಸಿ, ಮೊದಲ ಸಲ ಓಡಿಸಿದ್ದು ಆ ಡಾಕ್ಟರ ಮನೆಯ ರಸ್ತೆಯಲ್ಲೇ. ಪಕ್ಕದಲ್ಲಿ ನಾನಿದ್ದೆ. ಗೇಟಿನಲ್ಲಿ ನಿಂತವರೆಲ್ಲ ನೋಡಿದರು. ಆವತ್ತು ನನಗೆ ಎಷ್ಟು ಹೆಮ್ಮೆಯಾಗಿತ್ತು ಅನ್ನುವುದು ಮರೆತೇ ಹೋಗಿತ್ತು. ಈಗ ಮೆರವಣಿಗೆಯ ಬಾಡಿಗೆಗೆ ಹೋಗುತ್ತದೆ. ಅತ್ತೆ ಇಳಿಯುವಾಗ ಸೆರಗಿನಿಂದ ಚಕ್ರವನ್ನು ಒರೆಸಿ ಇಳಿದರು.

೧೨ ಅಕ್ಟೋಬರ್, ಬುಧವಾರ

ಇವತ್ತು ದೊಡ್ಡ ರಾದ್ಧಾಂತ.

ನಾನು ಸೀಟಿನಲ್ಲಿ ಕೂತು ಹೂ ಕಟ್ಟುತ್ತಿದ್ದೆ. ಇವರು ಬಂದು ಪಕ್ಕದಲ್ಲಿ ಕೂತು, ಒಂದು ಮಾತಿಲ್ಲ ಕತೆಯಿಲ್ಲ, ಸ್ಟಾರ್ಟ್ ಮಾಡಿಬಿಟ್ಟರು. ಸೀಟು ಗಡಗಡ ಅಂದದ್ದೇ ತಡ, ಬಾಗಿಲು ತಳ್ಳಿ ಹೊರಗೆ ಬಿದ್ದೆ. ಹೂವೆಲ್ಲ ನೆಲದ ಪಾಲು. ಬಾಯಿಗೆ ಬಂದ ಹಾಗೆ ಅಂದೆ. ಅಕ್ಕಪಕ್ಕದ ಮನೆಯವರು ಕಿಟಕಿ ತೆರೆದರು.

ಇವರು ತಕ್ಷಣ ಆಫ್ ಮಾಡಿದರು. ಆಮೇಲೆ ಅಲ್ಲೇ ಕೂತು, ನನ್ನ ಮುಖ ನೋಡದೆ ಹೇಳಿದರು.

"ಅವತ್ತು ಕೈ ಚಾಚಿದೆ ಕಣೇ. ನಿನ್ನ ಸೆರಗು ಸಿಕ್ತು. ನೀನು ಸಿಗ್ಲಿಲ್ಲ."

ಆ ಸೀರೆಯ ಸೆರಗು ಹರಿದದ್ದು ಪೊದೆಯ ಮುಳ್ಳಿಗೆ ಅಂತ ನಾನು ಇಷ್ಟು ದಿನ ತಿಳಿದುಕೊಂಡಿದ್ದೆ. ಇವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಹತ್ತು ತಿಂಗಳು ಒಂದೇ ಮನೆಯಲ್ಲಿ ಕಾಫಿ ಕುಡಿದುಕೊಂಡು ಓಡಾಡಿದ್ದೇವೆ. ನನಗೆ ಅಳು ಬಂತು. ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

"ಬಿಡು ಶಕುಂತಲಾ, ಇನ್ನು ಬಲವಂತ ಮಾಡಲ್ಲ. ಅವರು ಬಂದು ತಗೊಂಡ್ಹೋಗ್ಲಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಒಂದೆರಡು ಮಾತಾಡಬಹುದಿತ್ತು.

೧೫ ಅಕ್ಟೋಬರ್, ಶನಿವಾರ. ಆಯುಧಪೂಜೆ

ಕಾರಿಗೆ ಕೊನೆಯ ಪೂಜೆ, ಕಡಿಮೆ ಮಾಡಬಾರದು ಅಂತ ನಾನೇ ನಿಂತು ಮಾಡಿದೆ. ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು, ಬೂದುಗುಂಬಳ. ದೀಪಗಳಿಗೆ, ಚಕ್ರಕ್ಕೆ, ಗೇರಿನ ಹಿಡಿಗೆ ಅರಿಶಿನ ಕುಂಕುಮ. ಬೆಲ್ಟಿನ ಬಕಲ್ಲಿಗೂ ಇಟ್ಟು ಕೈತುಂಬ ಅಕ್ಷತೆ ಹಾಕಿದೆ. ಕಾಪಾಡಬೇಕಾದ್ದು ಅದೇ ಅಲ್ಲವೆ, ಮುಂದೆ ಯಾರು ಕೂರುತ್ತಾರೋ ಅವರನ್ನು.

ಇವರ ಸ್ಪ್ಯಾನರು, ಸ್ಕ್ರೂಡ್ರೈವರು, ನನ್ನ ಈಳಿಗೆಮಣೆ, ಅತ್ತೆಯ ಅಡಕತ್ತರಿ, ಎಲ್ಲ ದೇವರ ಮುಂದೆ ಸಾಲಾಗಿ ಕೂತಿವೆ. ನಾಳೆ ಸಂಜೆ ಆರತಿ ಎತ್ತಿ ದೀಪ ಇಳಿಸುವ ತನಕ ಯಾರೂ ಮುಟ್ಟುವಂತಿಲ್ಲ.

ಊಟ ಸೇರಲಿಲ್ಲ. ಹೋಳಿಗೆ ಜಾಸ್ತಿ ಆಗಿರಬೇಕು.

೧೬ ಅಕ್ಟೋಬರ್, ಭಾನುವಾರ. ವಿಜಯದಶಮಿ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಕಾಫಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಇನ್ನು ಈ ಗಾಳಿಗೆ ಕೂರುವುದು ಇವತ್ತಿಗೇ ಕೊನೆ. ಅಭ್ಯಾಸಬಲ, ಬೆಲ್ಟು ಎಳೆದು ಟಕ್ ಅನ್ನಿಸಿದೆ. ಕಾಫಿ ಮುಗಿಯಿತು. ಬಟನ್ನು ಒತ್ತಿದೆ. ಒಳಗೆ ಹೋಗಲಿಲ್ಲ. ಹೆಬ್ಬೆರಳು ಕೆಂಪಾಗುವ ತನಕ ಒತ್ತಿದೆ. ಊಹೂಂ. ನುಸುಳಿ ಹೊರಗೆ ಬರೋಣವೆಂದು ಜಗ್ಗಿದರೆ ರೀಲು ಇನ್ನಷ್ಟು ಕಚ್ಚಿಕೊಂಡಿತು.

"ರೀ!"

ಇವರು ಬಂದು ಬಗ್ಗಿ ನೋಡಿದರು. "ಬಟನ್ ಸಂದಿಗೆ ಅಕ್ಷತೆ ಹೋಗಿದೆ ಕಣೇ. ಅಕ್ಕಿಕಾಳು ಅಡ್ಡ ಕೂತಿದೆ." ನನ್ನ ಹೇರ್‌ಪಿನ್ನಿನಿಂದ ಕೆದಕಿದರು. ಕಾಳು ಇನ್ನಷ್ಟು ಒಳಕ್ಕೆ ಹೋಯಿತು. ಸ್ಕ್ರೂಡ್ರೈವರು ತರಲು ಒಳಗೆ ಹೋದವರು ಬರಿಗೈಯಲ್ಲಿ ಬಂದರು, ಹಿಂದೆಯೇ ಅತ್ತೆ.

"ಪೂಜೆಗಿಟ್ಟಿದ್ದನ್ನ ಮುಟ್ಟಂಗಿಲ್ಲ ಅಂದ್ರೆ ಮುಟ್ಟಂಗಿಲ್ಲ. ದೀಪ ಇಳಿಸ್ಲಿ."

"ಅತ್ತೆ, ಅಲ್ಲೀತನಕ ನಾನು ಇಲ್ಲೇ ಇರ್ಲಾ?"

"ನೆರಳಿದೆ, ಗಾಳಿಯಿದೆ, ಊಟ ಇಲ್ಲಿಗೇ ತರ್ತೀನಿ. ಏನಾಗ್ಬೇಕವ್ವ ನಿನಗೆ?"

ಸರಿಯಾಗಿ ಆ ಹೊತ್ತಿಗೆ ಮುನಿರಾಮಪ್ಪನವರು ಡ್ರೈವರನ್ನೂ ಕರೆದುಕೊಂಡು ಇಳಿದರು. ನನ್ನನ್ನು ನೋಡಿದರು, ಬೆಲ್ಟು ನೋಡಿದರು, ವಿಷಯ ತಿಳಿದುಕೊಂಡರು. ಆಮೇಲೆ ಹೊಟ್ಟೆ ಕುಣಿಸಿ ನಗುತ್ತ, "ಆಂಜಿನಯ್ಯನೋರೇ, ಅಮ್ಮಾವ್ರನ್ನೂ ಸೇರಿಸಿ ಕೊಡ್ತಿದೀರಾ? ಕುಯ್ದುಬಿಡಿ ಅದನ್ನ, ನನಗೆ ಬೆಲ್ಟ್ ಬೇಡ. ಮದುವೆ ಹೆಣ್ಣು ಎಲ್ಲಿಗೆ ಹಾರ್ತಾಳೆ?" ಎಂದರು.

ನನಗೆ ಎಲ್ಲಿತ್ತೋ ಕೋಪ. ಮರದಡಿ ಸಿಕ್ಕಿದ ಕಾರಿನಿಂದ ಆರಿಸಿ ತಂದ ಬೆಲ್ಟು, ಕಬ್ಬಿಣಕ್ಕೇ ಬೋಲ್ಟು ಬಿಗಿಸಿದ ಬೆಲ್ಟು, ಇದನ್ನು ಕುಯ್ಯಬೇಕಂತೆ. ಯಾರ ಮನೆಯ ಹೆಣ್ಣೋ, ಯಾವ ತಿರುವಿನಲ್ಲಿ ಯಾವ ಎಮ್ಮೆಯೋ.

"ಯಾರೂ ಕುಯ್ಯೋದು ಬೇಡ. ರೀ, ಕಾಳಪ್ಪ ಬೆಳಿಗ್ಗೇನೇ ಪೂಜೆ ಎತ್ತಿ ಅಂಗಡಿ ತೆಗೆದಿರ್ತಾನೆ. ಅವನ ಹತ್ರ ಸಣ್ಣ ಕೊಕ್ಕೆ ಇದೆ. ನಡೀರಿ."

"ಅವನನ್ನೇ ಕರ್ಕೊಂಡ್ಬರ್ಲಾ?"

"ಅಲ್ಲೀತನಕ ಇವರ ನಗು ಕೇಳ್ಕೊಂಡು ಕೂರ್ಲಾ? ಸ್ಟಾರ್ಟ್ ಮಾಡ್ರೀ!"

ನಿಂಬೆಹಣ್ಣುಗಳು ಪಚಕ್ ಅಂದವು. ಬಾಳೆಕಂದು, ಹಾರ ಸಮೇತ ಕಾರು ಚಾಮರಾಜಪೇಟೆಯ ರಸ್ತೆಗೆ ಬಂತು. ಮುನಿರಾಮಪ್ಪನವರನ್ನು ಬೈಯುವುದರಲ್ಲಿ ಉಮಾ ಟಾಕೀಸು ಬಂದದ್ದೇ ತಿಳಿಯಲಿಲ್ಲ. ಅಲ್ಲಿ ಒಂದು ಆಟೋ ಅಡ್ಡ ನುಗ್ಗಿತು. ಇವರು ಬ್ರೇಕ್ ಒತ್ತಿದರು. ನಾನು ಕಣ್ಣು ಮುಚ್ಚಿದೆ. ಪಟ್ಟಿ ಹೆಗಲ ಮೇಲೆ ಕಚ್ಚಿ ಹಿಡಿಯಿತು, ನಾನು ಇದ್ದಲ್ಲೇ ಇದ್ದೆ. ಕಣ್ಣು ಬಿಟ್ಟು ನೋಡಿದರೆ ಇವರ ಎಡಗೈ ನನ್ನ ಮುಂದೆ ಅಡ್ಡ ಇತ್ತು. ಬೆಲ್ಟಿದೆ ಅನ್ನುವುದು ಇವರಿಗೂ ಮರೆತಿತ್ತು.

"ಗೇರ್ ಹಾಕ್ರೀ, ಹಿಂದೆ ಬಸ್ ಬರ್ತಿದೆ" ಅಂದೆ.

ಗಾಬರಿಗೆ ಹೆಬ್ಬೆರಳು ಬಟನ್ನಿನ ಮೇಲೆಯೇ ಇತ್ತು. ಆಶ್ರಮದ ಸರ್ಕಲ್ಲಿನ ಹತ್ತಿರ ಸುಮ್ಮನೆ ಒತ್ತಿದೆ. ಟಪ್ ಅಂತ ಬಿಚ್ಚಿಕೊಂಡಿತು. ಅಲುಗಾಟಕ್ಕೆ ಕಾಳು ಉದುರಿರಬೇಕು. ಇವರು ರಸ್ತೆ ನೋಡುತ್ತಿದ್ದರು. ನಾನು ಪಟ್ಟಿಯನ್ನು ಮತ್ತೆ ಟಕ್ ಅನ್ನಿಸಿ ಸುಮ್ಮನೆ ಕೂತೆ. ನಡುರಸ್ತೆಯಲ್ಲಿ ಇಳಿಯುವುದು ಚೆನ್ನಾಗಿರುವುದಿಲ್ಲ, ಅದೂ ಹಬ್ಬದ ದಿನ.

ಕಾಳಪ್ಪ ಕೊಕ್ಕೆ ಹಿಡಿದು ಬಂದು, ಒಂದು ಸಲ ಒತ್ತಿ ನೋಡಿ, "ಅಕ್ಕಾ, ಸರಿಯಾಗೇ ಇದೆಯಲ್ಲ!" ಎಂದ. ಇವರು ನನ್ನನ್ನು ನೋಡಿದರು. ನಾನು ಕಾಳಪ್ಪನ ಅಂಗಡಿಯ ತೋರಣ ನೋಡಿದೆ.

ಇಷ್ಟು ದೂರ ಬಂದಮೇಲೆ ದೋಸೆ ತಿನ್ನದೆ ಹೋಗುವುದು ಹೇಗೆ? ತಿಂದೆವು. ಎರಡನೆಯ ಕಾಫಿ ಹೇಳಿ ಇವರು ಕೇಳಿದರು, "ಬಟನ್ ಎಲ್ಲಿ ಸರಿಹೋಯ್ತು ಶಕುಂತಲಾ?"

"ನನಗೇನ್ ಗೊತ್ತು? ನಾನೇನ್ ಮೆಕ್ಯಾನಿಕ್ಕಾ?"

ಆಮೇಲೆ ಲಾಲ್‌ಬಾಗಿನ ಸುತ್ತ ಒಂದು ಸುತ್ತು. ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಮುನಿರಾಮಪ್ಪನವರು ಹೊರಟುಹೋಗಿದ್ದರು. "ಕಾದ್ರು ಕಣವ್ವ" ಎಂದರು ಅತ್ತೆ, "ನಾನೇ ಹೇಳ್ದೆ. ಸ್ವಾಮಿ, ಗಾಡಿ ವಾಪಸ್ ಬರೋ ಹಂಗೆ ಕಾಣಲ್ಲ, ಪಾಯಸ ತಿಂದು ಹೊರಡಿ ಅಂತ."

ಹೆದರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹೆದರುವುದಕ್ಕೆ ಪುರುಸೊತ್ತು ಸಿಗಲಿಲ್ಲ, ಅಷ್ಟೆ. ಸೀರೆ ಬಿಚ್ಚುವಾಗ ನೆರಿಗೆಯಿಂದ ಅರಿಶಿನದ ಒಂದು ಅಕ್ಕಿಕಾಳು ಬಿತ್ತು. ಎತ್ತಿ ದೇವರ ಮುಂದೆ ಇಟ್ಟಿದ್ದೇನೆ.

೨೩ ಅಕ್ಟೋಬರ್, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ಅತ್ತೆಯನ್ನು ಡಾಕ್ಟರ ಮನೆಯ ರಸ್ತೆಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗಿ ಬಂದಾಯಿತು. ಗೇಟಿನ ಮುಂದೆ ಬರುವಾಗ ಬೆಲ್ಟಿನೊಳಗೇ ನೆಟ್ಟಗೆ ಕೂತರಂತೆ. ಈಗ ನನ್ನ ಸರದಿ. ಗಾಂಧಿ ಬಜಾರಿನಲ್ಲಿ ದೋಸೆ ಖಾಲಿಯಾಗುವುದರೊಳಗೆ ಹೋಗಬೇಕು, ಇವರು ಇನ್ನೂ ತಲೆ ಬಾಚುತ್ತಿದ್ದಾರೆ. ನಾನು ಆಗಲೇ ಬೆಲ್ಟು ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನು ಹಾರ್ನ್ ಹೊಡೆಯದೆ ಇವರು ಬರುವ ಹಾಗೆ ಕಾಣುವುದಿಲ್ಲ.